ಜಿಮ್ಮಾದಲ್ಲಿ ಒಂಬತ್ತನೆಯ ಮನೆ

ಗೋಪಾಳ

ಮನೆ ಬದಲಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಶಿವಮೊಗ್ಗದಲ್ಲಿ ಹೆಚ್ಚು ಜನ ಇರಲಾರರು. ಮದುವೆಯಾದ ಹದಿಮೂರು ವರ್ಷಗಳಲ್ಲಿ ಎಂಟು ಮನೆ ಕಂಡವಳು ನಾನು. ನನ್ನ ಯಜಮಾನರು ನಾಗರಾಜ್, ಟೆಕ್ನಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು. ವರ್ಗಾವಣೆ ಆದಾಗಲೆಲ್ಲ ಹೊರಡುವುದು. ಹರಿಹರ, ತಿಪಟೂರು, ರಾಣೆಬೆನ್ನೂರು ಸುತ್ತಿ ಶಿವಮೊಗ್ಗಕ್ಕೆ ಬಂದ ಮೇಲಾದರೂ ಒಂದು ಕಡೆ ನಿಂತೆವೇ ಎಂದರೆ ಅದೂ ಇಲ್ಲ. ರವೀಂದ್ರನಗರದಲ್ಲಿ ಎರಡು ಮನೆ, ಆಮೇಲೆ ಗೋಪಾಳದಲ್ಲಿ ಒಂದು. ಯಾವ ಪಾತ್ರೆ ಯಾವ ಪಾತ್ರೆಯೊಳಗೆ ಕೂರುತ್ತದೆ, ರುಬ್ಬುವ ಕಲ್ಲನ್ನು ಲಾರಿಯ ಯಾವ ಮೂಲೆಯಲ್ಲಿಡಬೇಕು, ಹೊಸ ಬೀದಿಯಲ್ಲಿ ಹಾಲಿನವನನ್ನು ಹೇಗೆ ಗೊತ್ತು ಮಾಡಬೇಕು, ಎಲ್ಲವೂ ನನಗೆ ಬಾಯಿಪಾಠ.

ಈ ಧೈರ್ಯ ಬಂದದ್ದು ಭದ್ರಾವತಿಯಿಂದ. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಸಾಲಿನಲ್ಲಿ ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ತೆಲುಗು, ಹಿಂದಿನ ಸಾಲಿನಲ್ಲಿ ಉರ್ದು. ಅವ್ವನಿಗೆ ತಮಿಳಿನ ಒಂದಕ್ಷರ ಓದಲು ಬರುತ್ತಿರಲಿಲ್ಲ, ಆದರೆ ತಮಿಳಿನಲ್ಲಿ ಜಗಳವಾಡಲು ಬರುತ್ತಿತ್ತು. ಜಗಳಕ್ಕೆ ಬಂದರೆ ಸಂಸಾರಕ್ಕೂ ಬರುತ್ತದೆ ಎನ್ನುವುದು ನನ್ನ ಅನುಭವ. ನಾನು ಮೊದಲ ಸಲ ಮನೆ ಹೂಡಲು ಹೊರಟಾಗ ಅವ್ವ ಹೇಳಿದ್ದು ಇಷ್ಟೇ: "ಹೋದ ದಿನಾನೇ ಪಕ್ಕದ ಮನೆಗೆ ಹೋಗಿ ಏನಾದ್ರೂ ಕೇಳು. ಕೊಡಕ್ಕೆ ಹೋದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಕೇಳಕ್ಕೆ ಹೋದ್ರೆ ಒಳಗೆ ಕರೀತಾರೆ." ಎಂಟು ಮನೆಗಳಲ್ಲೂ ಇದು ಸುಳ್ಳಾಗಲಿಲ್ಲ.

ಹಾಗಾಗಿ ಇವರಿಗೆ ಇಥಿಯೋಪಿಯಾದ ಜಿಮ್ಮಾ ಎಂಬ ಊರಿನ ಕಾಲೇಜಿನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು ಎಂದಾಗ ನಾನು ಹೆದರಲಿಲ್ಲ. ಗೋಪಾಳದ ಬೀದಿಯವರೆಲ್ಲ ಹೆದರಿದರು. "ಆಫ್ರಿಕಾಕ್ಕಾ? ಅಲ್ಲಿ ಊಟಕ್ಕೆ ಏನ್ ಸಿಗುತ್ತೆ ಮಾರಾಯ್ತಿ?" ಎಂದು ಮನೆಯ ಓನರಮ್ಮ ಎರಡು ಕೆಜಿ ಹುಳಿಪುಡಿ ಕಟ್ಟಿಕೊಟ್ಟರು.

ಒಪ್ಪದೆ ಇದ್ದವಳು ಮಗಳು ಸಹನಾ. ಆಗ ಅವಳಿಗೆ ಹನ್ನೆರಡು ವರ್ಷ.

"ಅಮ್ಮ, ಇದು ಎಷ್ಟನೇ ಸ್ಕೂಲು ಗೊತ್ತಾ? ಐದನೇದು. ಫ್ರೆಂಡ್ಸ್ ಮಾಡ್ಕೊಂಡು ಏನ್ ಮಾಡ್ಲಿ? ಎರಡು ವರ್ಷಕ್ಕೆ ಮತ್ತೆ ಟಾಟಾ ಮಾಡೋದೇ ತಾನೆ?"

ನಾನು ಅವಳಿಗೆ ಒಂದು ಮಾತು ಕೊಟ್ಟೆ. "ಡಿಸೆಂಬರ್ ತನಕ ನೋಡು. ಆಗಲೂ ಬೇಡ ಅನ್ಸಿದ್ರೆ ನಾನೂ ನೀನೂ ವಾಪಸ್ ಬಂದ್ಬಿಡೋಣ, ಅಪ್ಪ ಒಬ್ರೇ ಇರ್ಲಿ." ಸಮಾಧಾನಕ್ಕೆ ಹೇಳಿದ ಮಾತಲ್ಲ. ಹಾಗೇನಾದರೂ ಆದರೆ ಮೊದಲ ಬಾರಿಗೆ ನಮ್ಮ ಮನೆ ಎರಡಾಗುತ್ತಿತ್ತು.

ಮೊದಲ ವಾರ

ಅಡಿಸ್ ಅಬಾಬಾದಿಂದ ಜಿಮ್ಮಾಕ್ಕೆ ಬಸ್ಸಿನಲ್ಲಿ ಒಂದು ಇಡೀ ದಿನ. ಗಿಬೆ ಎಂಬ ನದಿಯ ಕಣಿವೆಯನ್ನು ಇಳಿದು ಹತ್ತುವಾಗ ಆಗುಂಬೆ ಘಾಟಿಯಲ್ಲಿ ವಾಂತಿ ಮಾಡದವಳು ಅಲ್ಲಿ ಮಾಡಿಕೊಂಡೆ. ಪಕ್ಕದ ಸೀಟಿನ ಹೆಂಗಸು ನಿಂಬೆಹಣ್ಣು ಕೊಟ್ಟು, ನನ್ನ ಬೆನ್ನು ನೀವುತ್ತ "ಅಯ್ಝೋಶ್, ಅಯ್ಝೋಶ್" ಎಂದರು. ಹೆಂಗಸರಿಗೆ ಧೈರ್ಯ ಹೇಳುವ ಮಾತು ಅದು. ನಾನು ಕಲಿತ ಮೊದಲ ಅಮ್ಹಾರಿಕ್ ಪದ.

ಊರು ಹಸಿರು. ಸೆಪ್ಟೆಂಬರ್ ತಿಂಗಳು, ಮಳೆ ಬಿಡುವ ಕಾಲ. ಬೇಲಿಗಳ ಮೇಲೆಲ್ಲ ಹಳದಿ ಹೂ. ರಸ್ತೆಯಲ್ಲಿ ಕುದುರೆಗಾಡಿಗಳ ನಡುವೆ ನಮ್ಮ ದೇಶದ್ದೇ ಆಟೋರಿಕ್ಷಾ ಕಂಡು ಇವರು ನೆಂಟರನ್ನು ಕಂಡಂತೆ ಕೈ ಬೀಸಿದರು. ಕಾಲೇಜಿನವರು ಕೊಟ್ಟ ಮನೆಗೆ ತಗಡಿನ ಮಾಡು, ಮುಂದೆ ಒಂದು ಆವಕಾಡೊ ಮರ.

ಮೂರನೆಯ ದಿನ ಸಹನಾಳ ಶಾಲೆ. ಸೇರಿಸಲು ಹೋದಾಗ ಗೇಟಿನ ಕಾವಲುಗಾರ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ "ಟೂ ಥರ್ಟಿ" ಎಂದಿದ್ದ. ಮಧ್ಯಾಹ್ನದ ಶಾಲೆ ಇರಬೇಕು ಎಂದುಕೊಂಡೆವು. ಸ್ನಾನ, ಊಟ ಮುಗಿಸಿ, ಹೊಸ ಯೂನಿಫಾರ್ಮ್ ಹಾಕಿಸಿ ಸರಿಯಾಗಿ ಎರಡೂವರೆಗೆ ಕರೆದುಕೊಂಡು ಹೋದರೆ ಶಾಲೆ ಮುಗಿಯುವ ಹೊತ್ತಾಗಿತ್ತು! ಆ ದೇಶದಲ್ಲಿ ಗಡಿಯಾರ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಅವರ ಎರಡೂವರೆ ಎಂದರೆ ನಮ್ಮ ಎಂಟೂವರೆ. ಹೆಡ್ಮಿಸ್ಟ್ರೆಸ್ಸಮ್ಮ ನಗು ತಡೆಯಲಾರದೆ ಮಗಳನ್ನು ತರಗತಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದರಂತೆ. ಐವತ್ತು ಮಕ್ಕಳು ಒಟ್ಟಿಗೆ ನಕ್ಕರಂತೆ.

"ನಾನು ಆ ಸ್ಕೂಲಿಗೆ ಹೋಗಲ್ಲ" ಎಂದಳು ದಾರಿಯುದ್ದಕ್ಕೂ. ಮರುದಿನ ಹೋದಳು, ಆದರೆ ಬಾಯಿ ಬಿಡಲಿಲ್ಲ. ಅಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ದಿನಕ್ಕೊಂದು ಗೀಟು ಹಾಕತೊಡಗಿದಳು.

ಸಹಾಯಮ್ಮ

ನಾನು ಅವ್ವನ ಮಾತಿನಂತೆ ಪಕ್ಕದ ಮನೆಗೆ ಹೋದೆ, ಬೆಂಕಿಪೊಟ್ಟಣ ಕೇಳಲು. ಬಾಗಿಲು ತೆಗೆದದ್ದು ಅರವತ್ತರ ಹತ್ತಿರದ ಎತ್ತರದ ಹೆಂಗಸು. ಹೆಸರು ತ್ಸೆಹಾಯ್, ಸೂರ್ಯ ಎಂದು ಅರ್ಥವಂತೆ. ನನ್ನ ನಾಲಿಗೆಗೆ ಅದು 'ಸಹಾಯ್' ಎಂದೇ ಹೊರಳಿತು. ನಮ್ಮ ಮನೆಯಲ್ಲಿ ಅವರು ಸಹಾಯಮ್ಮ ಆಗಿಹೋದರು. ಚಿಕ್ಕಂದಿನಲ್ಲಿ ಅವರಿಗೆ ಗಣಿತ ಕಲಿಸಿದವರು ಇಂಡಿಯಾದ ಮೇಷ್ಟರು. ಹಾಗಾಗಿ ಇಂಗ್ಲಿಷ್ ಬರುತ್ತಿತ್ತು, ನಮ್ಮವರ ಮೇಲೆ ಗೌರವವೂ ಇತ್ತು. ಸ್ಕೇಲಿನ ಏಟು ಮಾತ್ರ ಮರೆತಿರಲಿಲ್ಲ.

ಬೆಂಕಿಪೊಟ್ಟಣ ಕೈಗೆ ಬರುವ ಹೊತ್ತಿಗೆ ಎರಡು ಗಂಟೆ ಕಾಲ ಕಳೆದಿತ್ತು. ಅಲ್ಲಿ ಕಾಫಿ ಎಂದರೆ ಹಾಲು ಕಾಯಿಸಿ ಡಿಕಾಕ್ಷನ್ ಬೆರೆಸುವ ಅವಸರದ ಕೆಲಸವಲ್ಲ. ನೆಲದ ಮೇಲೆ ಹಸಿರು ಹುಲ್ಲು ಹರಡಿ, ಹಸಿ ಬೀಜ ತೊಳೆದು, ಎದುರಿಗೇ ಹುರಿದು, ಆ ಹೊಗೆಯನ್ನು ಒಬ್ಬೊಬ್ಬರ ಮೂಗಿಗೂ ಹಿಡಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡುತ್ತಾರೆ. ಒಂದೇ ಸುತ್ತಿಗೆ ಏಳುವುದು ಮರ್ಯಾದೆಯಲ್ಲ. ಕಾಫಿ ಸೀಮೆಯ ಪಕ್ಕದವರು ಎಂಬ ನನ್ನ ಜಂಬ ಮೊದಲ ಸುತ್ತಿಗೇ ಇಳಿಯಿತು.

ಸಹಾಯಮ್ಮನ ಕೊರಳಲ್ಲಿ ಕಪ್ಪು ದಾರಕ್ಕೆ ಒಂದು ಶಿಲುಬೆ. ನನ್ನ ಕೊರಳಿನ ಬೆಳ್ಳಿಯ ಕರಡಿಗೆ ನೋಡಿ "ಇದರೊಳಗೆ ಏನು?" ಎಂದರು. ಲಿಂಗ ಇದೆ, ದೀಕ್ಷೆಯ ದಿನದಿಂದ ಮೈಮೇಲೆ ಇರಬೇಕು, ತೆಗೆಯುವಂತಿಲ್ಲ ಎಂದೆ. ಅವರು ತಮ್ಮ ದಾರವನ್ನು ಬೆರಳಲ್ಲಿ ಎತ್ತಿ ತೋರಿಸಿ, "ಇದೂ ಹಾಗೆಯೇ" ಎಂದರು. ಅಲ್ಲಿಗೆ ಪರಿಚಯ ಮುಗಿಯಿತು, ನೆಂಟಸ್ತಿಕೆ ಶುರುವಾಯಿತು.

ಊಟದ ಚಿಂತೆಯೂ ಹರಿಯಿತು. ಬುಧವಾರ, ಶುಕ್ರವಾರ ಅವರಿಗೆ ಉಪವಾಸ. ಉಪವಾಸವೆಂದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಊಟ. ಹುಳಿ ಬಂದ ದೋಸೆಯಂಥ ಇಂಜೆರಾ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪು, ಬೇಳೆ. ಆ ಎರಡು ದಿನ ಊರಿಗೆ ಊರೇ ನಮ್ಮವರಾಗಿಬಿಡುತ್ತಿದ್ದರು. ಒಂದೇ ತಟ್ಟೆಯಲ್ಲಿ ಎಲ್ಲರೂ ಉಣ್ಣುವುದು, ಪ್ರೀತಿ ಇದ್ದವರ ಬಾಯಿಗೆ ತುತ್ತು ಇಡುವುದು ಅಲ್ಲಿನ ಪದ್ಧತಿ. ಮೊದಲ ಸಲ ಸಹಾಯಮ್ಮ ಇವರ ಬಾಯಿಗೆ ದೊಡ್ಡ ತುತ್ತು ತುರುಕಿದಾಗ ನಾಗರಾಜ್ ಅವರ ಮುಖ ನೋಡಬೇಕಿತ್ತು. ಹದಿಮೂರು ವರ್ಷದಲ್ಲಿ ನಾನೇ ಅಷ್ಟು ಧೈರ್ಯ ಮಾಡಿರಲಿಲ್ಲ.

ನಾನು ಹೇಳಿದ "ಬೇಡ"

ಅಕ್ಟೋಬರಿನಲ್ಲಿ ಒಂದು ಭಾನುವಾರ ಸಹಾಯಮ್ಮ ಒಂದು ನೋಟುಬುಕ್ಕು ಹಿಡಿದು ಬಂದರು. "ನಮ್ಮ ಬೀದಿಯ ಇದಿರ್‌ಗೆ ನಿಮ್ಮ ಮನೆಯ ಹೆಸರು ಬರೆಯಲೇ?" ಎಂದರು. ಇದಿರ್ ಎಂದರೆ ಏನೆಂದು ಕೇಳಿದೆ. ಬೀದಿಯವರೆಲ್ಲ ಸೇರಿದ ಸಂಘ. ಯಾವ ಮನೆಯಲ್ಲಾದರೂ ಸಾವಾದರೆ ಡೇರೆ, ಬೆಂಚು, ಹಂಡೆ ಎಲ್ಲ ಸಂಘದ್ದು. ಅಡುಗೆ, ನೀರು, ಬಂದವರನ್ನು ಕೂರಿಸುವುದು ಬೀದಿಯವರ ಪಾಲು. ಆ ಮನೆಯವರು ಮೂರು ದಿನ ಒಲೆ ಹಚ್ಚುವಂತಿಲ್ಲ.

ಪರದೇಶಕ್ಕೆ ಬಂದು ಒಂದೂವರೆ ತಿಂಗಳಿಗೆ ಸಾವಿನ ಸಂಘಕ್ಕೆ ಹೆಸರು ಬರೆಸುವುದೇ? "ಬಿಡ್ತು ಅನ್ನಿ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಆಮೇಲೆ ಇಂಗ್ಲಿಷಿನಲ್ಲಿ, ನಾವು ಎರಡೇ ವರ್ಷಕ್ಕೆ ಬಂದವರು, ನಮಗೇಕೆ ಎಂದೆ. ಸಹಾಯಮ್ಮ ಒತ್ತಾಯ ಮಾಡಲಿಲ್ಲ. ನೋಟುಬುಕ್ಕು ಮುಚ್ಚಿ, "ಎರಡು ವರ್ಷ ಸಣ್ಣದಲ್ಲ" ಎಂದು ಹೋದರು.

ಊಟದ ಹೊತ್ತಿಗೆ ಇವರು, "ಬೇಜಾರ್ ಮಾಡ್ಕೊಂಡ್ರೇನೋ?" ಎಂದರು.

"ಏನೂ ಇಲ್ಲ. ನಾನು ಸರಿ ಮಾಡ್ಕೋತೀನಿ" ಎಂದೆ. ಎಂಟು ಬೀದಿ ಗೆದ್ದವಳಲ್ಲವೇ ನಾನು.

ಆ ಬೆಳಿಗ್ಗೆ

ನವೆಂಬರ್ ಮೂರನೆಯ ವಾರ. ಬೆಳಿಗ್ಗೆ ಆರು ಗಂಟೆಗೆ ಗೇಟಿನ ಸದ್ದಾಯಿತು. ಬಾಗಿಲು ತೆಗೆದರೆ ಅಂಗಳದಲ್ಲಿ ನಲವತ್ತು ಜನ ನಿಂತಿದ್ದಾರೆ. ಹೆಂಗಸರೆಲ್ಲ ತೆಳುವಾದ ಬಿಳಿ ಹೊದಿಕೆ ಹೊದ್ದಿದ್ದಾರೆ. ಮುಂದೆ ಸಹಾಯಮ್ಮ. ಅವರ ಹಿಂದೆ ಇಂಜೆರಾ ಸುಡಲು ನನಗೆ ಕಲಿಸುತ್ತಿದ್ದ ಎದುರು ಮನೆಯ ಅಲ್ಮಾಜ್. ನಾನು ತಿರುಗಿ ಇವರ ಮುಖ ನೋಡಿದೆ. ಇವರು ಅಳುತ್ತಿದ್ದರು.

"ಗಿರಿಜಾ, ಅವ್ವ ಹೋದ್ರು ಕಣೆ."

ಹಿಂದಿನ ದಿನ ಮಧ್ಯಾಹ್ನ ಭದ್ರಾವತಿಯಿಂದ ನನ್ನ ಅಣ್ಣ ಬಸಣ್ಣ ಕಾಲೇಜಿನ ಆಫೀಸಿಗೆ ಫೋನು ಮಾಡಿದ್ದ. ನನಗೆ ಹೇಗೆ ಹೇಳುವುದೆಂದು ತೋಚದೆ ಇವರು ಮೊದಲು ಸಹಾಯಮ್ಮನ ಮನೆಗೆ ಹೋಗಿದ್ದಾರೆ. ಅವರು ಗದರಿದರಂತೆ. ಸಂಜೆ ಹೊತ್ತು ಸಾವಿನ ಸುದ್ದಿ ಹೇಳಬಾರದು, ಒಬ್ಬರೇ ಹೇಳಬಾರದು. ಇವತ್ತು ಅವಳು ಉಂಡು ಮಲಗಲಿ, ಬೆಳಿಗ್ಗೆ ನಾವೆಲ್ಲ ಬರುತ್ತೇವೆ ಎಂದರಂತೆ. ಅಲ್ಲಿ ಅದೇ ಪದ್ಧತಿ.

ನನಗೆ ಬಂದದ್ದು ಮೊದಲು ಅಳುವಲ್ಲ, ಸಿಟ್ಟು. ನಮ್ಮಲ್ಲಾದರೆ ಸುದ್ದಿ ಕಿವಿಗೆ ಬಿದ್ದ ಕ್ಷಣದಲ್ಲಿ ಉಟ್ಟ ಸೀರೆಯಲ್ಲೇ ಬಸ್ಸು ಹತ್ತುವುದು. "ನಿನ್ನೆಯಿಂದ ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ನನ್ನ ಕೈಲಿ ಚಪಾತಿ ಲಟ್ಟಿಸಿದ್ರಾ?" ಎಂದು ಎಲ್ಲರೆದುರಿಗೆ ಕೂಗಿದೆ. ಇವರು ತಲೆ ತಗ್ಗಿಸಿದರು. ನಿನ್ನೆ ಸಂಜೆ ಗೊತ್ತಾಗಿದ್ದರೂ ಪ್ರಯೋಜನ ಇರಲಿಲ್ಲ. ನಾವು ಅಡಿಸ್ ಅಬಾಬಾ ಸೇರುವ ಹೊತ್ತಿಗೇ ಭದ್ರಾವತಿಯಲ್ಲಿ ಮಣ್ಣಾಗಿರುತ್ತಿತ್ತು. ಅದು ನನಗೂ ಗೊತ್ತಿತ್ತು. ಆದರೂ ಆ ಒಂದು ಸಂಜೆ ನನ್ನದು, ಅದನ್ನು ಇವರು ಇಟ್ಟುಕೊಂಡರು ಎನಿಸಿತು. ಬಹಳ ತಿಂಗಳು ಆ ಕೋಪ ಹೋಗಲಿಲ್ಲ.

ಮೂರು ದಿನ

ಎಂಟು ಗಂಟೆಯ ಹೊತ್ತಿಗೆ ಆವಕಾಡೊ ಮರದ ಪಕ್ಕ ಡೇರೆ ಎದ್ದಿತು. ಬೆಂಚುಗಳು ಬಂದವು. ಹಂಡೆಗಳು ಬಂದವು. ನಾನು ಬೇಡವೆಂದಿದ್ದ ಇದಿರ್‌ನ ಹಂಡೆಗಳೇ. ನಮ್ಮ ಹೆಸರು ಪುಸ್ತಕದಲ್ಲಿಲ್ಲವಲ್ಲ ಎಂದು ಇವರು ಸಹಾಯಮ್ಮನನ್ನು ಕೇಳಿದರು. "ಪುಸ್ತಕ ಆಮೇಲೆ ಬರೆಯೋಣ" ಎಂದರು.

ಬೇಯಿಸಿದ ಗೋಧಿ, ಕಡಲೆ ತಂದು ಎಲ್ಲರಿಗೂ ಹಂಚಿದರು. ಸಾವಿನ ಮನೆಯಲ್ಲಿ ಅದನ್ನೇ ತಿನ್ನುವುದಂತೆ. ನಮ್ಮ ಗುಗ್ಗರಿ, ಸ್ವಲ್ಪ ಉಪ್ಪು ಕಡಿಮೆ. ಹೆಂಗಸರು ನನ್ನ ಸುತ್ತ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಏನೋ ಕೇಳಿದರು. ಸಹಾಯಮ್ಮ ಇಂಗ್ಲಿಷಿಗೆ ತಿರುಗಿಸಿದರು: "ನಿನ್ನ ತಾಯಿ ಹೇಗಿದ್ದರು, ಹೇಳು."

ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಎರಡು ವಾಕ್ಯಕ್ಕೆ ನಿಂತಿತು. ಅಳು ಆ ಭಾಷೆಯಲ್ಲಿ ಬರುವುದಿಲ್ಲ. ಕನ್ನಡಕ್ಕೆ ಹೊರಳಿದೆ. ಯಾರಿಗೂ ಅರ್ಥವಾಗದಿದ್ದರೆ ಬೇಡ, ಬಾಯಿ ತುಂಬ ಹೇಳಿಕೊಳ್ಳುತ್ತೇನೆ ಎಂದುಕೊಂಡೆ. ಕ್ವಾರ್ಟರ್ಸಿನ ಸಾಲಿಗೆಲ್ಲ ಒಂದೇ ನಲ್ಲಿ ಇದ್ದದ್ದು, ಅವ್ವ ಸೌಟು ಹಿಡಿದು ಕೊಡಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದದ್ದು, ಸರದಿ ತಪ್ಪಿಸಿದ ಸೂಪರ್‌ವೈಸರನ ಹೆಂಡತಿಯ ಕೊಡವನ್ನೇ ಎತ್ತಿ ಹಿಂದಕ್ಕೆ ಇಟ್ಟದ್ದು.

ನನ್ನ ಮಾತಿನ ಹಿಂದೆಯೇ ಇನ್ನೊಂದು ದನಿ ಕೇಳಿತು. ಸಹನಾ. ಡೇರೆಯ ಕಂಬಕ್ಕೆ ಒರಗಿ ನಿಂತವಳು ನಾನು ಹೇಳಿದ್ದನ್ನೆಲ್ಲ ಅಮ್ಹಾರಿಕ್‌ನಲ್ಲಿ ಹೇಳುತ್ತಿದ್ದಳು. ತಡವರಿಸುತ್ತಿದ್ದಳು, ಪದ ಸಿಗದಿದ್ದಾಗ ಕೈಯಲ್ಲಿ ಕೊಡದ ಆಕಾರ ಮಾಡಿ ತೋರಿಸುತ್ತಿದ್ದಳು, ಆದರೆ ನಿಲ್ಲಿಸುತ್ತಿರಲಿಲ್ಲ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಹುಡುಗಿ ಕಿವಿ ಮುಚ್ಚಿಕೊಂಡಿರಲಿಲ್ಲ. ಕೊಡ ಹಿಂದಕ್ಕೆ ಹೋದ ಕಥೆಗೆ ಹೆಂಗಸರು ನಕ್ಕರು. ನಗುತ್ತಲೇ ಅತ್ತರು. ಅಲ್ಮಾಜ್ ತೋಳು ಚಾಚಿ ಸಹನಾಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಅಮ್ಮ, ಅಜ್ಜಿ ಬೇರೆ ಏನ್ ಮಾಡ್ತಿದ್ರು ಅಂತ ಕೇಳ್ತಿದಾರೆ. ಹೇಳು" ಎಂದಳು ಮಗಳು.

ಮೂರು ದಿನವೂ ಹೇಳಿದೆ. ಮೂರನೆಯ ದಿನ ಡೇರೆ ಬಿಚ್ಚಿದ ಮೇಲೆ ನಾನೇ ಹೋಗಿ ಪುಸ್ತಕದಲ್ಲಿ ನಮ್ಮ ಹೆಸರು ಬರೆಸಿದೆ.

ಡಿಸೆಂಬರ್ ಕೊನೆಗೆ ನಾನು ಕೊಟ್ಟ ಮಾತು ನೆನಪಿಸಿದೆ. "ಹೋಗೋಣವಾ?"

ಸಹನಾ ಪುಸ್ತಕದಿಂದ ತಲೆ ಎತ್ತಲಿಲ್ಲ. "ನಿಂಗೆ ಹೋಗ್ಬೇಕಾದ್ರೆ ಹೋಗಮ್ಮ. ನಂಗೆ ಪರೀಕ್ಷೆ ಇದೆ."

ಭದ್ರಾವತಿ

ಜುಲೈ ರಜೆಗೆ ಮೂವರೂ ಊರಿಗೆ ಬಂದೆವು. ಅಪ್ಪ ರಿಟೈರಾದ ಮೇಲೆ ಕ್ವಾರ್ಟರ್ಸಿನ ನಮ್ಮ ಸಾಲಿನ ನಾಲ್ಕು ಮನೆಯವರು ಒಂದೇ ಬೀದಿಯಲ್ಲಿ ಸೈಟು ಹುಡುಕಿ ಮನೆ ಕಟ್ಟಿಕೊಂಡಿದ್ದರು. ಹಾಗಾಗಿ ಬಸಣ್ಣನ ಮನೆಯ ಪಕ್ಕದಲ್ಲಿ ಈಗಲೂ ಆಗಿನ ಎಡಗಡೆ ಮನೆಯ ತಮಿಳಿನ ಸೆಲ್ವಿ ಅಕ್ಕ. ನನ್ನನ್ನು ಎತ್ತಿ ಆಡಿಸಿದವರು.

ಅವ್ವನ ಕೊನೆಯ ದಿನವನ್ನು ಸೆಲ್ವಿ ಅಕ್ಕ ಒಂದೂ ಬಿಡದೆ ಹೇಳಿದರು. ರೇಷನ್ ಅಂಗಡಿಯಿಂದ ಬಂದು ಜಗುಲಿ ಮೇಲೆ ಕೂತಿದ್ದು, ನೀರು ಕೇಳಿದ್ದು, ನೀರು ತರುವಷ್ಟರಲ್ಲಿ ಕಂಬಕ್ಕೆ ಒರಗಿದ್ದು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಅಮ್ಮನ್ನ ಇಲ್ಲಿ ನಾವ್ ನೋಡ್ಕೊಂಡ್ವಿ, ಅದು ನಂಗೊತ್ತು. ಅಲ್ಲಿ ನಿನ್ನ ಯಾರ್ ನೋಡ್ಕೊಂಡ್ರು ಗಿರಿಜಾ? ಎಂಟ್ ತಿಂಗ್ಳಿಂದ ನಂಗೆ ಅದೇ ಯೋಚ್ನೆ ಮಾ."

ನಾನು ಹೇಳಲು ಬಾಯಿ ತೆರೆಯುವ ಮೊದಲೇ ಸಹನಾ ಶುರುಮಾಡಿದಳು. ಸಹಾಯಮ್ಮ, ಅಲ್ಮಾಜ್, ಡೇರೆ, ಹಂಡೆ. ಸೆಲ್ವಿ ಅಕ್ಕ ಕಣ್ಣು ಮಿಟುಕಿಸದೆ ಕೇಳಿದರು. "ಅಷ್ಟು ಜನ ಬಂದ್ರಾ? ಸರಿ, ಸರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಸಂಜೆಯ ತನಕ ಕೇಳಿದ್ದನ್ನೇ ಕೇಳಿದರು.

ಒಂದು ಸಂಜೆ

ಎರಡನೆಯ ವರ್ಷ, ಮಾರ್ಚ್ ಇರಬೇಕು. ಮಧ್ಯಾಹ್ನ ಸಹಾಯಮ್ಮ ಹಿತ್ತಿಲ ಬೇಲಿಯ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದರು. ಅಲ್ಮಾಜ್‌ಳ ತಮ್ಮ ಅಡಿಸ್ ಅಬಾಬಾದಲ್ಲಿ ತೀರಿಕೊಂಡಿದ್ದಾನೆ, ರಸ್ತೆ ಅಪಘಾತ. ಅವಳಿಗೆ ಇನ್ನೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಎಲ್ಲರೂ ಹೋಗಬೇಕು. ನೀನೂ ಬಾ.

ಐದು ಗಂಟೆಗೆ ಅಲ್ಮಾಜ್ ನಮ್ಮ ಮನೆಗೆ ಬಂದಳು, ನಾನು ಸುಟ್ಟ ಇಂಜೆರಾ ನೋಡಲು. ಇಂಜೆರಾದ ಮೇಲೆ ತೂತುಗಳು ಎದ್ದಿರಬೇಕು. ಅವನ್ನು ಅವರು ಕಣ್ಣು ಎನ್ನುತ್ತಾರೆ. ನನ್ನದಕ್ಕೆ ಎಂದೂ ಸರಿಯಾಗಿ ಕಣ್ಣು ಬರುತ್ತಿರಲಿಲ್ಲ. "ಇದು ಕುರುಡು, ಇದೂ ಕುರುಡು" ಎಂದು ಒಂದೊಂದನ್ನೇ ಎತ್ತಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅವಳಿಗಿಷ್ಟವಾದ ಹುಳಿಪುಡಿ ಹಾಕಿ ಬೇಳೆ ಮಾಡಿ ಬಡಿಸಿದೆ. ಇನ್ನೊಂದು ಸೌಟು ಹಾಕಿದೆ. ಸಾಕು ಎಂದರೂ ಬಿಡದೆ ಒಂದು ತುತ್ತನ್ನು ಕೈಯಾರೆ ಬಾಯಿಗಿಟ್ಟೆ. ಎಷ್ಟು ಉಂಡರೆ ಅಷ್ಟು ಒಳ್ಳೆಯದು ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು. ಇವರು ನಡುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅವಳು ಹೋದ ಮೇಲೆ ಇವರ ಹತ್ತಿರ ಹೋಗಿ ನಿಂತೆ.

"ಆವತ್ತು ನೀವು ಹೇಗ್ರೀ ಊಟ ಮಾಡಿದ್ರಿ?"

"ಮಾಡ್ಲಿಲ್ಲ. ಕಾಲೇಜಲ್ಲಿ ತಿಂದೆ ಅಂದಿದ್ದೆ. ನೀನು ನಂಬಿದ್ದೆ."

ಹದಿನಾರು ತಿಂಗಳು ಇದನ್ನು ಇವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಟ್ಟೆ ಹಾಕಿ ಬಡಿಸಿದೆ. ಇಬ್ಬರೂ ಎದುರು ಬದುರು ಕೂತು, ಸೇರದಿದ್ದರೂ ಉಂಡೆವು.

ಬೆಳಿಗ್ಗೆ ಬಿಳಿ ಹೊದಿಕೆ ಹೊದ್ದು ಹೋದೆ. ಸಹನಾಳೂ ಬಂದಳು. ಅಲ್ಮಾಜ್ ಮನೆಯ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಸಹಾಯಮ್ಮ ನನ್ನನ್ನು ತೋಳು ಹಿಡಿದು ಮುಂದಕ್ಕೆ ತಂದು ತಮ್ಮ ಪಕ್ಕ ನಿಲ್ಲಿಸಿಕೊಂಡರು. ಬಾಗಿಲು ತೆರೆಯಿತು. ಅಲ್ಮಾಜ್ ನಮ್ಮೆಲ್ಲರನ್ನೂ ನೋಡಿದಳು, ಕೊನೆಗೆ ನನ್ನನ್ನು.

"ನಿನ್ನೆ ಸಂಜೆ ನಿನಗೆ ಗೊತ್ತಿತ್ತಾ?"

ಅಷ್ಟು ಅಮ್ಹಾರಿಕ್ ಆಗ ನನಗೆ ಬರುತ್ತಿತ್ತು. "ಗೊತ್ತಿತ್ತು" ಎಂದೆ.

ನನ್ನ ಹಾಗೆ ಅವಳು ಕೂಗಲಿಲ್ಲ. ಎರಡು ಮೆಟ್ಟಿಲು ಇಳಿದು ಬಂದು ನನ್ನ ಹೆಗಲಿಗೆ ಹಣೆಯಿಟ್ಟಳು. "ಅಯ್ಝೋಶ್" ಎನ್ನಲು ಹೋದೆ, ಬಾಯಿಗೆ ಬಂದದ್ದು "ನಾನಿದೀನಿ ಕಣೆ" ಎಂದು. ಸಹನಾ ಅದನ್ನು ಅವಳ ಭಾಷೆಗೆ ತಿರುಗಿಸಲು ಹೋಗಲಿಲ್ಲ.